ಮಿದುಳಿನ ಒತ್ತಡ ಏರಿದೆಯಾ? ಆಸ್ಪತ್ರೆಯಲ್ಲಿ ಪತ್ತೆ ಹಚ್ಚುವ ಬಗೆ, ಮನೆಯವರು ಮಾಡಬೇಕಾದ ಕೆಲಸ

ತಲೆಗೆ ಪೆಟ್ಟು ಬಿದ್ದು ಬಂದವರ ಮನೆಯವರು ಕ್ಯಾಶುವಾಲ್ಟಿ ಬಾಗಿಲಲ್ಲಿ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ‘ಸ್ಕ್ಯಾನ್ ನಾರ್ಮಲ್ ಅಂದ್ರಿ, ಮತ್ತೆ ಯಾಕೆ ಮನೆಗೆ ಬಿಡ್ತಿಲ್ಲ?’ ಇನ್ನು ಕೆಲವರದು ಬೇರೆ. ‘ತಲೆಯೊಳಗೆ ಪ್ರೆಶರ್ ಜಾಸ್ತಿ ಅಂತೀರಿ, ಬಿಪಿ ನೋಡಿದ್ರೆ ಸರಿಯಾಗೇ ಇದೆಯಲ್ಲ?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಗಡಿಬಿಡಿಯಲ್ಲಿ ನಿಂತುಕೊಂಡು ಉತ್ತರ ಹೇಳೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮೊದಲರ್ಧ ನೀವು ಮಾಡಬೇಕಾದದ್ದು. ಉಳಿದರ್ಧ ಆಸ್ಪತ್ರೆಯವರು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಅನ್ನುವುದು.

ಮೊದಲು ವಿಷಯ ಏನು ಅಂತ ನೋಡೋಣ. ತಲೆಬುರುಡೆ ಮೂಳೆಯದು, ಹಿಗ್ಗುವುದಿಲ್ಲ. ಒಳಗೆ ಇರುವುದು ಮೂರೇ: ನೂರಕ್ಕೆ ಸುಮಾರು 80 ಭಾಗ ಮಿದುಳು, 10 ಭಾಗ ರಕ್ತ, ಇನ್ನು 10 ಭಾಗ ಮಿದುಳಿನ ಸುತ್ತ ಹರಿಯುವ ತಿಳಿನೀರು. ಇದೇ ನೀರು ಬೆನ್ನುಹುರಿಯ ಸುತ್ತಲೂ ಇರುತ್ತದೆ. ರಕ್ತ ಸೋರಿದರೆ, ಮಿದುಳು ಊದಿಕೊಂಡರೆ, ನೀರು ಕಟ್ಟಿಕೊಂಡರೆ ಅಥವಾ ಗಡ್ಡೆ ಬೆಳೆದರೆ ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಮಲಗಿರುವ ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 5ರಿಂದ 15 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಬಿಪಿಗೂ ಇದಕ್ಕೂ ಅಳತೆ ಒಂದೇ, ಅಳೆಯುವ ಜಾಗ ಬೇರೆ. ತೋಳಿಗೆ ಪಟ್ಟಿ ಕಟ್ಟಿದರೆ ತಲೆಯೊಳಗಿನದು ಗೊತ್ತಾಗುವುದಿಲ್ಲ.

ಈ ಒತ್ತಡ ಒಂದೇ ಸಮನೆ ಏರುವುದಿಲ್ಲ. ಬೆಳಗ್ಗೆ ಸಾಗರದಿಂದ ಹೊರಡುವ ಕಾಲೇಜು ಹೊತ್ತಿನ ಬಸ್ಸು ನೆನಪು ಮಾಡಿಕೊಳ್ಳಿ. ಕಂಡಕ್ಟರ್ ‘ಒಳಗೆ ಹೋಗಿ, ಒಳಗೆ ಹೋಗಿ’ ಅನ್ನುತ್ತಿದ್ದ ಹಾಗೆ ಇನ್ನೂ ಹತ್ತು ಜನಕ್ಕೆ ಜಾಗ ಆಗುತ್ತದೆ. ಒಂದು ಹಂತ ಮುಟ್ಟಿದ ಮೇಲೆ ಮಾತ್ರ ಒಬ್ಬರು ಹತ್ತಿದರೂ ಬಾಗಿಲು ಹಾಕಲಾಗುವುದಿಲ್ಲ. ತಲೆಯೊಳಗೂ ಹೀಗೇ. ಮೊದಮೊದಲು ತಿಳಿನೀರು ಬೆನ್ನಿನ ಕಡೆ ಸರಿಯುತ್ತದೆ, ರಕ್ತ ಸ್ವಲ್ಪ ಹೊರಗೆ ಹೋಗುತ್ತದೆ, ಆಗ ರೋಗಿ ಮಾತಾಡಿಕೊಂಡೇ ಇರುತ್ತಾರೆ. ಜಾಗ ಮುಗಿದ ಮೇಲೆ ಸ್ವಲ್ಪವೇ ರಕ್ತ ಸೋರಿದರೂ ಒತ್ತಡ ಒಮ್ಮೆಲೇ ಏರುತ್ತದೆ.

ಹಾಗಾಗಿ ಇಡೀ ಪತ್ತೆ ಕೆಲಸ ನಿಂತಿರುವುದು ಬದಲಾವಣೆಯ ಮೇಲೆ. ಈಗ ಹೇಗಿದ್ದಾರೆ ಅನ್ನುವುದಕ್ಕಿಂತ ಒಂದು ಗಂಟೆ ಮುಂಚೆ ಹೇಗಿದ್ದರು ಅನ್ನುವುದು ಮುಖ್ಯ. ಆ ಒಂದು ಗಂಟೆ ಮುಂಚಿನದನ್ನು ನೋಡಿದವರು ಡಾಕ್ಟರಲ್ಲ, ನೀವು.

ಬೇಕಾಗುವುದು ಇಷ್ಟೇ: ಒಂದು ಚೀಟಿ, ಪೆನ್ನು, ಗಡಿಯಾರ, ಮೊಬೈಲ್ ಟಾರ್ಚ್. ರೋಗಿ ನುಂಗುತ್ತಿರುವ ಮಾತ್ರೆಗಳನ್ನು ಚೀಲದ ಸಮೇತ ತನ್ನಿ.

1. ಬಿದ್ದ ಜಾಗದಲ್ಲಿ

108ಕ್ಕೆ ಫೋನ್ ಮಾಡಿ. ಹೊತ್ತು ಬರೆದುಕೊಳ್ಳಿ. ಉಸಿರಾಡುತ್ತಿದ್ದಾರಾ ನೋಡಿ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಮದ್ದು ಹೊಡೆಯುವಾಗ, ಸುಗ್ಗಿಯಲ್ಲಿ ಕೊನೆ ಕೊಯ್ಯುವಾಗ ಮರದಿಂದ ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕುವುದು ನಮ್ಮ ಕಡೆ ಮಾಮೂಲು. ದಯವಿಟ್ಟು ಬೇಡ. ತಲೆಗೆ ಪೆಟ್ಟಾಗಿದೆ ಅಂದರೆ ಕುತ್ತಿಗೆಗೂ ಆಗಿರಬಹುದು. ಒಬ್ಬರು ತಲೆಯನ್ನು ಎರಡೂ ಕಡೆಯಿಂದ ಅಲುಗಾಡದಂತೆ ಹಿಡಿದುಕೊಳ್ಳಿ. ಉಳಿದವರು ಮೈಯನ್ನು ಒಟ್ಟಿಗೇ ಹೊರಳಿಸಿ ಹಲಗೆ ಅಥವಾ ಗಟ್ಟಿ ಏಣಿಯ ಮೇಲೆ ಮಲಗಿಸಿ. ವಾಂತಿ ಬಂದರೂ ಅಷ್ಟೇ, ಇಡೀ ಮೈ ಒಟ್ಟಿಗೆ ಪಕ್ಕಕ್ಕೆ ತಿರುಗಬೇಕು.

ಬಾಯಿಗೆ ನೀರು, ಕಾಫಿ ಏನೂ ಹಾಕಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ಮಧ್ಯೆ ಚಮಚ ಇಡುವುದು ಬೇಡ. ಎಷ್ಟು ಹೊತ್ತು ಬಂತು, ಯಾವ ಕಡೆಯ ಕೈಕಾಲು ಮೊದಲು ಅಲುಗಿತು ಅಂತ ನೋಡಿಕೊಂಡರೆ ಅದು ನೂರು ಪಾಲು ಉಪಯೋಗ.

2. ಎಚ್ಚರದ ಮಟ್ಟ ನೋಡಿ, ಬರೆಯಿರಿ

ನಾಲ್ಕು ಮಟ್ಟ ನೆನಪಿಟ್ಟುಕೊಳ್ಳಿ. ತಾವಾಗೇ ಎಚ್ಚರ ಇದ್ದಾರೆ. ಕರೆದರೆ ಕಣ್ಣು ಬಿಡುತ್ತಾರೆ. ಉಗುರಿನ ಮೇಲೆ ಪೆನ್ನು ಒತ್ತಿದರೆ ಮಾತ್ರ ಮಿಸುಕುತ್ತಾರೆ. ಏನು ಮಾಡಿದರೂ ಇಲ್ಲ. ಕೆನ್ನೆಗೆ ಹೊಡೆಯುವುದು, ಮುಖಕ್ಕೆ ಕೊಡ ನೀರು ಸುರಿಯುವುದು ಇದರಲ್ಲಿ ಬರುವುದಿಲ್ಲ.

ಎಚ್ಚರ ಇದ್ದರೆ ಮೂರು ಪ್ರಶ್ನೆ ಕೇಳಿ. ನಿಮ್ಮ ಹೆಸರೇನು, ಈಗ ಎಲ್ಲಿದ್ದೀರಿ, ಇವತ್ತು ಏನು ವಾರ. ಎರಡೂ ಕೈ ಎತ್ತಿಸಿ, ಎರಡೂ ಕಾಲು ಮಡಚಿಸಿ. ಹದಿನೈದು ನಿಮಿಷಕ್ಕೊಮ್ಮೆ ಇದನ್ನೇ ಮತ್ತೆ ಮಾಡಿ. ಚೀಟಿ ಸುಮಾರಾಗಿ ಹೀಗಿರಬೇಕು:

7:10 – ಬಿದ್ದರು. ಎರಡು ನಿಮಿಷ ಮಾತಿಲ್ಲ.
7:15 – ಎಚ್ಚರ. ಹೆಸರು ಹೇಳಿದರು. ತಲೆನೋವು ಅಂದರು.
7:50 – ವಾಂತಿ, ಒಂದು ಸಲ.
8:20 – ಮಂಪರು. ಕರೆದರೆ ಕಣ್ಣು ಬಿಟ್ಟರು. ಮಗನ ಹೆಸರು ತಪ್ಪಿ ಹೇಳಿದರು. ಎಡಗೈ ಸರಿಯಾಗಿ ಎತ್ತಲಿಲ್ಲ.

ಈ ನಾಲ್ಕು ಸಾಲು ಕೈಗೆ ಸಿಕ್ಕರೆ ಡಾಕ್ಟರ್ ಒಂದು ಪ್ರಶ್ನೆಯನ್ನೂ ಕೇಳದೆ ಸ್ಕ್ಯಾನ್ ರೂಮಿಗೆ ಓಡುತ್ತಾರೆ. ಬಿದ್ದ ಮೇಲೆ ಎದ್ದು ಚೆನ್ನಾಗಿ ಮಾತಾಡಿ, ಆಮೇಲೆ ಮಂಪರಾಗುವುದು ತಲೆಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ತುಂಬುತ್ತಿರುವುದರ ಗುರುತು ಇರಬಹುದು. ಬೇಗ ತೆಗೆದರೆ ಪೂರ್ತಿ ಗುಣ ಆಗುವಂಥದ್ದು. ತಡವಾದರೆ ಜೀವಕ್ಕೇ ಅಪಾಯ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ‘ಸುಸ್ತಾಗಿದೆ, ಮಲಗಲಿ ಬಿಡಿ’ ಅನ್ನುವುದು. ಎರಡು, ‘ಕುಡಿದಿದ್ದಾನೆ, ಬೆಳಗ್ಗೆ ಇಳಿಯುತ್ತೆ’ ಅನ್ನುವುದು. ಕುಡಿದವರು ಹೊತ್ತು ಹೋದ ಹಾಗೆ ಎಚ್ಚರವಾಗುತ್ತಾ ಬರಬೇಕು. ಮಂಪರು ಹೆಚ್ಚುತ್ತಾ ಹೋದರೆ ಅದು ಹೆಂಡದ್ದಲ್ಲ. ಬೈಕಿಂದ ಬಿದ್ದವರ ಬಾಯಿ ವಾಸನೆ ಬಂದ ಕೂಡಲೇ ಎಲ್ಲರ ಯೋಚನೆ ನಿಂತುಹೋಗುತ್ತದೆ. ನನ್ನ ಪ್ರಕಾರ ತಲೆಪೆಟ್ಟಿನ ವಿಷಯದಲ್ಲಿ ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

3. ಕಣ್ಣಿನ ಪಾಪೆ

ಕಣ್ಣಿನ ನಡುವಿನ ಕಪ್ಪು ಚುಕ್ಕೆಯೇ ಪಾಪೆ. ರೋಗಿಯ ಮುಖಕ್ಕೆ ನೇರ ಬೆಳಕು ಬೀಳದ ಜಾಗಕ್ಕೆ ಬನ್ನಿ. ಟಾರ್ಚನ್ನು ಎದುರಿಂದ ಹಿಡಿಯಬೇಡಿ, ಕಿವಿಯ ಕಡೆಯಿಂದ ನಿಧಾನಕ್ಕೆ ಕಣ್ಣಿನ ಮೇಲೆ ತನ್ನಿ. ಬೆಳಕು ಬಿದ್ದ ಕೂಡಲೇ ಚುಕ್ಕೆ ಸಣ್ಣದಾಗಬೇಕು. ಇನ್ನೊಂದು ಕಣ್ಣಿಗೂ ಹೀಗೇ ಮಾಡಿ.

ಒಂದು ಪಾಪೆ ದೊಡ್ಡದಾಗಿ, ಬೆಳಕಿಗೆ ಕುಗ್ಗದೆ ಇದ್ದು, ಜೊತೆಗೆ ರೋಗಿ ಮಂಪರಿನಲ್ಲಿದ್ದರೆ ಒಂದು ನಿಮಿಷವೂ ಕಾಯುವಂತಿಲ್ಲ. ಒತ್ತಡಕ್ಕೆ ಮಿದುಳಿನ ಭಾಗ ಸರಿದು ಪಾಪೆಯನ್ನು ಕುಗ್ಗಿಸುವ ನರವನ್ನು ಅದುಮುತ್ತಿದೆ ಅಂತ ಅರ್ಥ. ಸಾಮಾನ್ಯವಾಗಿ ರಕ್ತ ಕಟ್ಟಿರುವುದು ಅದೇ ಕಡೆ ಇರುತ್ತದೆ.

ಪಾಪೆ ನೋಡಿ ಮೋಸ ಹೋಗುವುದೂ ಉಂಟು. ಪೊರೆ ಆಪರೇಷನ್ ಆದ ಕಣ್ಣಿನ ಪಾಪೆ ಗುಂಡಗೆ ಇಲ್ಲದಿರಬಹುದು. ಎಷ್ಟೋ ಜನರಿಗೆ ಹುಟ್ಟಿನಿಂದಲೇ ಎರಡು ಪಾಪೆಗಳಲ್ಲಿ ಒಂದಿಷ್ಟು ವ್ಯತ್ಯಾಸ ಇರುತ್ತದೆ. ಮೊಬೈಲಿನ ಹಳೇ ಫೋಟೋ ದೊಡ್ಡದು ಮಾಡಿ ನೋಡಿದರೆ ತಿಳಿಯುತ್ತದೆ. ಎರಡೂ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿ, ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಕೀಟನಾಶಕದ ವಿಷವೇನೋ ಅಂತ ಯೋಚಿಸಬೇಕು. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ರೆಪ್ಪೆ ಎತ್ತಲಾಗದೆ, ಮಾತಾಡಲಾಗದೆ ಬಂದರೆ ಕಟ್ಟುಹಾವಿನ ಕಡಿತ ಇರಬಹುದು. ಗಾಯ ಕಾಣಿಸದೇ ಇರಬಹುದು, ಪಾಪೆ ದೊಡ್ಡದಾಗಿರಬಹುದು, ಆದರೆ ಅವರಿಗೆ ಎಚ್ಚರ ಇರುತ್ತದೆ, ನೀವು ಆಡುವ ಮಾತೆಲ್ಲ ಕೇಳಿಸುತ್ತಿರುತ್ತದೆ.

4. ಪೆಟ್ಟೇ ಆಗದಿದ್ದರೂ

ಒತ್ತಡ ಏರಲು ಪೆಟ್ಟೇ ಬೇಕು ಅಂತಿಲ್ಲ. ಮಲೆನಾಡಿನಲ್ಲಿ ಮೂರು ಸಂದರ್ಭ ವಿಶೇಷವಾಗಿ ಗಮನದಲ್ಲಿರಲಿ.

ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಇದು. ಉಣುಗು ಕಚ್ಚಿ ಬರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಜನ ದರಗು, ಸೊಪ್ಪು ತರಲು ಕಾಡಿಗೆ ಹೋಗುವ ಕಾಲದಲ್ಲೇ ಜಾಸ್ತಿ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ. ಆಗ ವಿಪರೀತ ತಲೆನೋವು, ಕೈನಡುಕ, ತಡಬಡ ಮಾತು ಕಂಡರೆ ಮಿದುಳಿಗೆ ತಾಗಿದೆ ಅಂತ ತಿಳಿದು ಹೊರಡಿ. ‘ಆ ಜ್ವರ ವಾಸಿಯಾಯ್ತಲ್ಲ’ ಅಂತ ಡಾಕ್ಟರಿಗೆ ಹೇಳದೆ ಬಿಡಬೇಡಿ.

ಬಾಣಂತಿ. ಹೆರಿಗೆಯಾದ ಕೆಲವು ವಾರಗಳಲ್ಲಿ ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್ ಬಂದರೆ ಮಿದುಳಿನಿಂದ ರಕ್ತ ಹೊರಗೆ ಹೋಗುವ ಸಿರೆಯಲ್ಲಿ ಹೆಪ್ಪು ಕಟ್ಟಿರಬಹುದು. ಮೈಯಲ್ಲಿ ನೀರು ಕಡಿಮೆಯಾದರೆ ಈ ಅಪಾಯ ಹೆಚ್ಚು. ಬಾಣಂತಿಗೆ ನೀರು ಕೊಡಬಾರದು ಅನ್ನುವ ಮನೆಗಳು ಇನ್ನೂ ಇವೆ. ಅಜ್ಜಿಯಂದಿರ ಉಳಿದ ಪಥ್ಯದ ಬಗ್ಗೆ ನನ್ನ ತಕರಾರಿಲ್ಲ, ನೀರು ಮಾತ್ರ ಬೇಕಾದಷ್ಟು ಕೊಡಿ.

ವಯಸ್ಸಾದವರು. ಬಚ್ಚಲಲ್ಲಿ ಜಾರಿ ಬಿದ್ದು, ಏನೂ ಆಗಲಿಲ್ಲ ಅಂದುಕೊಂಡ ಅಜ್ಜನಿಗೆ ಮೂರ್ನಾಲ್ಕು ವಾರದ ಮೇಲೆ ಮರೆವು, ಕಾಲೆಳೆತ, ಹಗಲೆಲ್ಲ ನಿದ್ದೆ. ಇದು ವಯಸ್ಸಿನ ಮರೆವು ಅಂತ ಸುಮ್ನೆ ಕೂರಬೇಡಿ. ನಿಧಾನಕ್ಕೆ ರಕ್ತ ಸೋರಿ ನಿಂತಿರಬಹುದು. ಹೃದಯಕ್ಕೆಂದು ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಲ್ಲಿ ಇದು ಇನ್ನೂ ಜಾಸ್ತಿ.

ಹಸುಗೂಸುಗಳಲ್ಲಿ ನೆತ್ತಿ ಉಬ್ಬಿ ಬಿಗಿಯಾಗುವುದು, ಕೀರಲು ಅಳು, ಹಾಲು ಕುಡಿಯದಿರುವುದು ಎಚ್ಚರಿಕೆಯ ಗುರುತು.

5. ದಾರಿಯಲ್ಲಿ

ಹೊರಡುವ ಮುಂಚೆ ಒಂದು ಫೋನ್ ಮಾಡಿ ಕೇಳಿ: ಈಗ ಸಿಟಿ ಸ್ಕ್ಯಾನ್ ನಡೆಯುತ್ತಿದೆಯಾ, ನ್ಯೂರೋಸರ್ಜನ್ ಇದ್ದಾರಾ? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೋ, ಘಟ್ಟ ಇಳಿದು ಮಣಿಪಾಲವೋ ಅನ್ನುವ ಚರ್ಚೆ ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ಪ್ರತಿಸಲ ನಡೆಯುತ್ತದೆ. ಎಲ್ಲಿ ಬೇಗ ಸ್ಕ್ಯಾನೂ ಆಪರೇಷನ್ನೂ ಸಿಗುತ್ತದೋ ಅಲ್ಲಿಗೆ, ಅಷ್ಟೇ ಲೆಕ್ಕ. ಉಸಿರಾಟ ಸರಿ ಇಲ್ಲದಿದ್ದರೆ ಮಾತ್ರ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆ. ಅಲ್ಲಿ ಉಸಿರು ಭದ್ರ ಮಾಡಿಸಿಕೊಂಡು ಮುಂದೆ ಹೋಗಿ. ಆಗುಂಬೆಯ ತಿರುವುಗಳಲ್ಲಿ ಉಸಿರು ನಿಂತರೆ ಅಂಬುಲೆನ್ಸಿನವರೂ ಏನೂ ಮಾಡಲಾಗುವುದಿಲ್ಲ.

ತಲೆಯ ಭಾಗ ಸುಮಾರು 30 ಡಿಗ್ರಿ ಮೇಲಿರಲಿ. ಕುತ್ತಿಗೆ ನೇರ ಇರಲಿ, ಒಂದು ಕಡೆಗೆ ವಾಲಿದರೆ ತಲೆಯಿಂದ ರಕ್ತ ಇಳಿದುಬರುವುದು ತಡೆಯುತ್ತದೆ. ಇದಕ್ಕೆ ದಿಂಬು ಇಡಬೇಡಿ, ದಿಂಬು ಕುತ್ತಿಗೆ ಮಡಚುತ್ತದೆ. ಸ್ಟ್ರೆಚರಿನ ತಲೆಭಾಗವನ್ನೇ ಎತ್ತಬೇಕು. ಬೆನ್ನಿಗೂ ಪೆಟ್ಟಾಗಿದ್ದರೆ ಇಡೀ ಸ್ಟ್ರೆಚರನ್ನು ಓರೆ ಮಾಡುತ್ತಾರೆ. ಬಿಪಿ ತೀರಾ ಇಳಿದಿದ್ದರೆ ಮಟ್ಟಸವಾಗಿಯೇ ಮಲಗಿಸುತ್ತಾರೆ. ಕುತ್ತಿಗೆ ಪಟ್ಟಿ ಬಿಗಿಯಾಗಿದ್ದರೆ ಸಿಬ್ಬಂದಿಗೆ ಹೇಳಿ, ನೀವೇ ಬಿಚ್ಚಬೇಡಿ.

6. ಕ್ಯಾಶುವಾಲ್ಟಿಯ ಮೊದಲ ಹತ್ತು ನಿಮಿಷ

ಆಮ್ಲಜನಕ, ಬಿಪಿ, ನಾಡಿ, ಸಕ್ಕರೆ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ‘ತಲೆಗೇ ಪೆಟ್ಟಾಗಿರೋದು, ಶುಗರ್ ಯಾಕೆ?’ ಅಂತ ರೇಗಬೇಡಿ. ಸಕ್ಕರೆ ಇಳಿದರೂ ಮಂಪರು ಬರುತ್ತದೆ, ಒಂದು ಕಡೆ ಕೈಕಾಲು ಸೋಲುವುದೂ ಉಂಟು.

ಆಮೇಲೆ ಜಿಸಿಎಸ್. ಗ್ಲಾಸ್ಗೋ ಕೋಮಾ ಸ್ಕೇಲ್ ಅನ್ನುವ ಈ ಅಂಕಪಟ್ಟಿಯನ್ನು 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಅನ್ನುವ ಇಬ್ಬರು ಡಾಕ್ಟರುಗಳು ಮಾಡಿದರು. ಕಣ್ಣು ಬಿಡುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6. ಪೂರ್ತಿ ಸರಿ ಇದ್ದರೆ 15, ಏನೂ ಇಲ್ಲದಿದ್ದರೆ 3. ಇದರಲ್ಲಿ ಸೊನ್ನೆ ಅನ್ನುವುದಿಲ್ಲ. 8 ಅಥವಾ ಅದಕ್ಕಿಂತ ಕೆಳಗಿದ್ದರೆ ಉಸಿರಿಗೆ ಕೊಳವೆ ಹಾಕುವ ಮಾತು ಬರುತ್ತದೆ. ಬಂದಾಗ 14 ಇದ್ದದ್ದು ಗಂಟೆಯೊಳಗೆ 12 ಆದರೆ ಎಲ್ಲರೂ ಓಡಾಡುವುದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಅಂಕ ಹಾಕುವಾಗ ಮನೆಯವರೊಬ್ಬರು ಪಕ್ಕದಲ್ಲಿರಿ. ಅಜ್ಜಿಗೆ ಕಿವಿ ಮಂದ ಇರಬಹುದು. ಮನೆಮಾತು ಕೊಂಕಣಿ, ಬ್ಯಾರಿ, ಲಂಬಾಣಿ ಇರಬಹುದು. ಡಾಕ್ಟರ ಕನ್ನಡಕ್ಕೆ ಉತ್ತರ ಕೊಡದವರು ಮಗಳ ಕರೆಗೆ ತಟ್ಟನೆ ‘ಹಾಂ’ ಅನ್ನುವುದುಂಟು.

ಬಿಪಿ ಏರುತ್ತಾ, ನಾಡಿ ನಿಧಾನವಾಗುತ್ತಾ, ಉಸಿರು ಏರುಪೇರಾದರೆ ಒತ್ತಡ ಕೈಮೀರುತ್ತಿದೆ ಅಂತ. ಅಮೆರಿಕದ ಸರ್ಜನ್ ಹಾರ್ವೆ ಕುಶಿಂಗ್ ಹೆಸರಲ್ಲಿ ಕರೆಯುವ ಈ ಗುರುತು ತಡವಾಗಿ ಬರುವಂಥದ್ದು, ಇದಕ್ಕೆ ಕಾಯುತ್ತಾ ಕೂರಬಾರದು. ಇನ್ನೊಂದು ದೊಡ್ಡ ತಪ್ಪು ಆಗುವುದೂ ಇಲ್ಲೇ. ದಾರಿಯಲ್ಲಿ ಯಾರೋ ಬಿಪಿ ನೋಡಿ, 190 ಇದೆ ಅಂತ ನಾಲಿಗೆ ಕೆಳಗೆ ಮಾತ್ರೆ ಇಡುತ್ತಾರೆ. ತಲೆಯೊಳಗೆ ಒತ್ತಡ ಏರಿದಾಗ ಮಿದುಳಿಗೆ ರಕ್ತ ತಳ್ಳಲಿಕ್ಕೆಂದೇ ದೇಹ ಬಿಪಿ ಏರಿಸಿಕೊಂಡಿರುತ್ತದೆ. ಅದನ್ನು ದಿಢೀರನೆ ಇಳಿಸಿದರೆ ಮಿದುಳಿಗೆ ರಕ್ತವೇ ಸಾಲುವುದಿಲ್ಲ.

7. ಸಿಟಿ ಸ್ಕ್ಯಾನ್

ತೆಗೆಯಲು ಕೆಲವೇ ನಿಮಿಷ ಸಾಕು. ಡಾಕ್ಟರ್ ನೋಡುವುದು ಬಿಳಿಯಾಗಿ ಕಾಣುವ ಹೊಸ ರಕ್ತ, ಮಿದುಳಿನ ನಡುಗೆರೆ ಪಕ್ಕಕ್ಕೆ ಸರಿದಿದೆಯಾ, ತಿಳಿನೀರು ಇರುವ ಜಾಗಗಳು ಅದುಮಿ ಮುಚ್ಚಿಹೋಗಿವೆಯಾ ಅಥವಾ ನೀರು ಕಟ್ಟಿ ಹಿಗ್ಗಿವೆಯಾ ಅಂತ. ನಡುಗೆರೆ 5 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಗಂಭೀರ.

ಈಗ ಆ ಮೊದಲ ಪ್ರಶ್ನೆ. ಸ್ಕ್ಯಾನ್ ಅನ್ನುವುದು ತೆಗೆದ ಕ್ಷಣದ ಚಿತ್ರ. ಬಿದ್ದ ಅರ್ಧ ಗಂಟೆಗೆ ತೆಗೆದದ್ದರಲ್ಲಿ ಕಾಣದ ರಕ್ತ ಆರು ಗಂಟೆಯ ಮೇಲೆ ಕಾಣಬಹುದು. ಊತ ಬರಲು ಇನ್ನೂ ಹೆಚ್ಚು ಹೊತ್ತು ಬೇಕು. ಸ್ಕ್ಯಾನ್ ಸರಿ ಇದ್ದು ರೋಗಿಯೂ ಪೂರ್ತಿ ಸರಿ ಇದ್ದರೆ ಮನೆಗೆ ಕಳಿಸುತ್ತಾರೆ. ಸ್ಕ್ಯಾನ್ ಸರಿ ಇದೆ, ರೋಗಿ ಮಾತ್ರ ಸರಿ ಇಲ್ಲ ಅಂದರೆ ಇಟ್ಟುಕೊಂಡು ನೋಡುತ್ತಾರೆ, ಬೇಕಾದರೆ ಇನ್ನೊಮ್ಮೆ ಸ್ಕ್ಯಾನ್ ಮಾಡುತ್ತಾರೆ. ಎರಡನೇ ಸ್ಕ್ಯಾನ್ ದುಡ್ಡು ಹೊಡೆಯುವ ದಾರಿ ಅಂತ ಅಂದುಕೊಳ್ಳುವವರು ಬಹಳ. ಯಾವ ಬದಲಾವಣೆ ಕಂಡು ಮಾಡಿಸುತ್ತಿದ್ದೀರಿ ಅಂತ ಧಾರಾಳವಾಗಿ ಕೇಳಿ, ಉತ್ತರ ಸಿಗಬೇಕು.

‘ಎಂಆರ್‌ಐ ಇನ್ನೂ ಒಳ್ಳೇದಲ್ವಾ, ಅದನ್ನೇ ಮಾಡಿ’ ಅನ್ನಬೇಡಿ. ಅದಕ್ಕೆ ಹೊತ್ತು ಹಿಡಿಯುತ್ತದೆ, ಹೊರಳಾಡುವ ರೋಗಿಗೆ ಆಗುವುದಿಲ್ಲ. ಬಾಣಂತಿಯ ಸಿರೆಯ ಹೆಪ್ಪಿನ ಲೆಕ್ಕ ಬೇರೆ. ಮಾಮೂಲು ಸಿಟಿಯಲ್ಲಿ ಅದು ತಪ್ಪಿಹೋಗಬಹುದು, ಸಿರೆಗಳನ್ನೇ ತೋರಿಸುವ ಸ್ಕ್ಯಾನ್ ಬೇಕು. ಹೆರಿಗೆಯಾಗಿದೆ ಅನ್ನುವುದನ್ನು ಮೊದಲ ಮಾತಿನಲ್ಲೇ ಹೇಳಿ.

8. ಕಣ್ಣಿನ ಮೂಲಕ ನೋಡುವುದು

ಕಣ್ಣಿನ ಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಡುವುದು ಕಂಡು ಗಾಬರಿಯಾಗುವವರಿದ್ದಾರೆ. ಕಣ್ಣಿನ ನರದ ಸುತ್ತ ಇರುವ ಹೊದಿಕೆ ಮಿದುಳಿನ ಹೊದಿಕೆಯ ಮುಂದುವರಿಕೆಯೇ, ಅದರೊಳಗೂ ಅದೇ ತಿಳಿನೀರು. ತಲೆಯಲ್ಲಿ ಒತ್ತಡ ಏರಿದರೆ ಈ ಹೊದಿಕೆ ಉಬ್ಬುತ್ತದೆ. ಮುಚ್ಚಿದ ರೆಪ್ಪೆಯ ಮೇಲೆ ಒತ್ತದೆ ಪ್ರೋಬ್ ಇಟ್ಟು, ಕಣ್ಣುಗುಡ್ಡೆಯ ಹಿಂದೆ 3 ಮಿಲಿಮೀಟರ್ ದೂರದಲ್ಲಿ ಹೊದಿಕೆಯ ಅಗಲ ಅಳೆಯುತ್ತಾರೆ. ದೊಡ್ಡವರಲ್ಲಿ ಸುಮಾರು 5 ಮಿಲಿಮೀಟರ್ ದಾಟಿದರೆ ಅನುಮಾನ, 6 ದಾಟಿದರೆ ಅನುಮಾನ ಬಲ. ಹಾಸಿಗೆ ಪಕ್ಕದಲ್ಲೇ ಆಗುತ್ತದೆ, ಮತ್ತೆ ಮತ್ತೆ ಮಾಡಬಹುದು. ಸ್ಕ್ಯಾನ್ ದೂರ ಇರುವ ಊರುಗಳಲ್ಲಿ ಯಾರನ್ನು ಮೊದಲು ಕಳಿಸಬೇಕು ಅನ್ನಲು ಇದು ಒಳ್ಳೆಯ ದಾರಿ. ಆದರೆ ಸಿಟಿಗೆ ಬದಲಿ ಅಲ್ಲ. ಕಣ್ಣುಗುಡ್ಡೆಯೇ ಒಡೆದಿರುವ ಅನುಮಾನ ಇದ್ದರೆ ಮಾಡಲೇಬಾರದು.

ಕಣ್ಣಿನೊಳಗೆ ಬೆಳಕು ಬಿಟ್ಟು ನರದ ತುದಿ ಊದಿದೆಯಾ ಅಂತ ನೋಡುವುದು ಹಳೆಯ ಪದ್ಧತಿ. ಊತ ಕಂಡರೆ ಒತ್ತಡ ಇದೆ ಅಂತ ಹಿಡಿಯಬಹುದು. ಕಾಣದಿದ್ದರೆ ಇಲ್ಲ ಅನ್ನುವಂತಿಲ್ಲ, ಅದು ಕಾಣಿಸಿಕೊಳ್ಳಲು ಗಂಟೆಗಳೋ ದಿನಗಳೋ ಬೇಕು.

9. ಬೆನ್ನಿನ ನೀರು, ನೇರ ಅಳತೆ

ಜ್ವರ, ಕುತ್ತಿಗೆ ಬಿಗಿತ ಇದ್ದು ಮಿದುಳು ಜ್ವರದ ಅನುಮಾನ ಇದ್ದರೆ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುತ್ತಾರೆ. ಅದೇ ಹೊತ್ತಿನಲ್ಲಿ ಒತ್ತಡವನ್ನೂ ಅಳೆಯಬಹುದು. 25 ಸೆಂಟಿಮೀಟರ್ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಹೆಚ್ಚು. ಮಂಪರು, ಒಂದು ಕಡೆ ಕೈಕಾಲು ಸೋಲು, ಹೊಸದಾಗಿ ಫಿಟ್ಸ್ ಇದ್ದರೆ ಮೊದಲು ಸ್ಕ್ಯಾನ್, ಆಮೇಲೆ ಬೆನ್ನು. ಒಳಗೆ ಜಾಗ ಇಲ್ಲದಾಗ ಕೆಳಗಿನಿಂದ ನೀರು ತೆಗೆದರೆ ಮಿದುಳು ಕೆಳಕ್ಕೆ ಜಾರುವ ಅಪಾಯ ಇದೆ. ಅಷ್ಟು ಹೊತ್ತು ಔಷಧಿ ಮಾತ್ರ ನಿಲ್ಲುವುದಿಲ್ಲ, ಆಂಟಿಬಯೋಟಿಕ್ ಮೊದಲೇ ಶುರುವಾಗುತ್ತದೆ.

ಒತ್ತಡದ ಖಚಿತ ಅಂಕಿ ಬೇಕೆಂದರೆ ತಲೆಬುರುಡೆಗೆ ಸಣ್ಣ ತೂತು ಮಾಡಿ ಕೊಳವೆಯನ್ನೋ ಸೆನ್ಸರನ್ನೋ ಇಡಬೇಕು. ನ್ಯೂರೋಸರ್ಜರಿ ಐಸಿಯು ಇರುವ ಕಡೆ, ತೀರಾ ಗಂಭೀರ ರೋಗಿಗಳಿಗೆ ಮಾತ್ರ. ತಲೆಪೆಟ್ಟಿನಲ್ಲಿ ಅಂಕಿ 22 ಮಿಲಿಮೀಟರ್ ಪಾದರಸ ದಾಟಿ ಅಲ್ಲೇ ನಿಂತರೆ ಇಳಿಸುವ ಚಿಕಿತ್ಸೆ ಶುರು.

‘ಊತ ಇಳಿಯೋಕೆ ಸ್ಟೀರಾಯ್ಡ್ ಕೊಡಿ’ ಅಂತ ಕೇಳುವವರಿಗೆ ಒಂದು ಮಾತು. ತಲೆಪೆಟ್ಟಿಗೆ ಅದು ಕೊಡುವುದಿಲ್ಲ. 10,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಕ್ರ್ಯಾಶ್ ಅನ್ನುವ ಅಧ್ಯಯನದಲ್ಲಿ ಸ್ಟೀರಾಯ್ಡ್ ಕೊಟ್ಟವರಲ್ಲೇ ಸಾವು ಹೆಚ್ಚಾಯಿತು ಅಂತ 2004ರಲ್ಲಿ ಗೊತ್ತಾಯಿತು.

10. ಮನೆಗೆ ಕಳಿಸಿದ ಮೇಲೆ

ಮೊದಲ 24 ಗಂಟೆ ರೋಗಿಯನ್ನು ಒಬ್ಬರನ್ನೇ ಬಿಡಬೇಡಿ. ಪಕ್ಕದಲ್ಲಿ ಮಲಗುವವರು ಗಾಢ ನಿದ್ದೆಯವರಾಗಿರಬಾರದು. ಡಾಕ್ಟರ್ ಹೇಳಿದ ಹೊತ್ತಿಗೆ ಎಬ್ಬಿಸಿ, ಅದೇ ಮೂರು ಪ್ರಶ್ನೆ ಕೇಳಿ, ಅದೇ ಚೀಟಿಯಲ್ಲಿ ಬರೆಯಿರಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ನಿದ್ದೆ ಮಾತ್ರೆ, ಆಸ್ಪಿರಿನ್, ಹೆಂಡ ಯಾವುದೂ ಬೇಡ.

ತಲೆನೋವು ಹೆಚ್ಚುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಒಂದು ವಸ್ತು ಎರಡಾಗಿ ಕಂಡರೆ, ಮಾತು ತೊದಲಿದರೆ, ಮೂಗು ಅಥವಾ ಕಿವಿಯಿಂದ ತಿಳಿನೀರು ಸೋರಿದರೆ, ಎಬ್ಬಿಸಲು ಕಷ್ಟವಾದರೆ ವಾಪಸ್ ಬನ್ನಿ. ಬೆಳಗಾಗಲಿ ಅಂತ ಕಾಯಬೇಡಿ.

ಮನೆ ಒಳಹಳ್ಳಿಯಲ್ಲಿದ್ದು ನೆಟ್‌ವರ್ಕ್ ಸಿಗದಿದ್ದರೆ, ಮಳೆಗೆ ಹಳ್ಳ ಏರಿ ದಾರಿ ಕಟ್ಟುವಂತಿದ್ದರೆ, ಅದನ್ನು ಡಿಸ್ಚಾರ್ಜ್ ಬರೆಯುವ ಮುಂಚೆಯೇ ಡಾಕ್ಟರಿಗೆ ಹೇಳಿ. ಒಂದು ರಾತ್ರಿ ವಾರ್ಡಿನಲ್ಲೇ ಇಟ್ಟುಕೊಳ್ಳಬಹುದು. ಇಲ್ಲವಾದರೆ ಶಿವಮೊಗ್ಗದಲ್ಲೋ ಸಾಗರದಲ್ಲೋ ನೆಂಟರ ಮನೆಯಲ್ಲಿ ಉಳಿದು, ಮರುದಿನ ಊರಿಗೆ ಹೋಗಿ.